ಹೊಸಬಳನ್ನು ಮೆಟ್ಟಿಲ ಕೆಳಗೆ ಕೂರಿಸಿದ್ದು

"ಪುಸ್ತಕ ಓದದವಳನ್ನು ಆಟಕ್ಕೆ ಸೇರಿಸಿಕೊಳ್ಳಬಹುದೇ ಅಜ್ಜಿ?" ಎಂದು ಮಂದಾಕಿನಿ ಕೇಳಿದಳು.

ಕೇಳಿಸಿಕೊಂಡವಳು ಸೀಬಮ್ಮ. ಎರಡನೆಯ ಕ್ಲಾಸಿಗೆ ಶಾಲೆ ಬಿಟ್ಟವಳು. ಆದರೂ ಕತೆ ಹೇಳುವುದನ್ನು ಕಲಿಯಬೇಕೆಂದವರು ಅವಳ ಮನೆಗೇ ಬರುತ್ತಿದ್ದರು. ಮಂದಾಕಿನಿ ಬರತೊಡಗಿ ನಾಲ್ಕು ವರ್ಷವಾಗಿತ್ತು. ಕಲಿತ ವಿದ್ಯೆಯಿಂದ ಅವಳು ಮೊಬೈಲಿನಲ್ಲಿ ಒಂದು ಆಟ ಕಟ್ಟಿದ್ದಳು. ಅದಕ್ಕೆ ಬುನಾದಿ ಒಂದು ದೊಡ್ಡ ಕಾದಂಬರಿ. ಆಡುವವರು ಅದರೊಳಗಿನ ಒಬ್ಬೊಬ್ಬರಾಗುತ್ತಾರೆ. ಒಬ್ಬರು ನಾಲ್ಕು ಸಾಲು ಬರೆದರೆ ಇನ್ನೊಬ್ಬರು ಅದಕ್ಕೆ ಉತ್ತರ ಬರೆಯುತ್ತಾರೆ. ಹೀಗೆ ಕತೆ ಪುಸ್ತಕವನ್ನು ದಾಟಿ ಮುಂದಕ್ಕೆ ಹೋಗುತ್ತದೆ.

ಹೋಗುತ್ತಿತ್ತು. ಈಗ ನಿಂತಿದೆ. ಉಳಿದವರು ಹನ್ನೊಂದು ಜನ ಹಳಬರು. ಹೊಸಬರು ಬರುತ್ತಾರೆ. ನಲವತ್ತು ನಿಯಮ ಓದುತ್ತಾರೆ, ಇಪ್ಪತ್ತು ಪ್ರಶ್ನೆಗೆ ಉತ್ತರ ಕೊಡುತ್ತಾರೆ. ಒಳ್ಳೆಯ ಪಾತ್ರಗಳೆಲ್ಲ ವರ್ಷದಿಂದ ತಲೆಹಾಕದವರ ಹೆಸರಿನಲ್ಲಿರುವುದನ್ನು ನೋಡುತ್ತಾರೆ. ಮಾರನೆಯ ದಿನ ಇರುವುದಿಲ್ಲ. ಈ ದಿನ ಬೆಳಿಗ್ಗೆ ಒಬ್ಬಳು ಬರೆದಿದ್ದಳು: ಪುಸ್ತಕ ಓದಿಲ್ಲ, ಆಡುವ ಆಸೆಯಿದೆ, ಬರಲೇ? ಹಳಬರು ಒಟ್ಟಾಗಿ ಹೇಳಿಬಿಟ್ಟರು: ಅವಳು ಬಂದರೆ ನಾವು ಹೊರಟೆವು. ಸಂಜೆಯೊಳಗೆ ಮಂದಾಕಿನಿ ಒಂದು ಉತ್ತರ ಕೊಡಬೇಕು.

"ನಲವತ್ತು ನಿಯಮವೇ? ಹೆಣ್ಣು ನೋಡಲು ಬಂದವರೂ ಅಷ್ಟು ಕೇಳುವುದಿಲ್ಲ" ಎಂದಳು ಸೀಬಮ್ಮ.

"ಹಳಬರು ಹೋದರೆ ಆಟವೇ ಇರುವುದಿಲ್ಲ ಅಜ್ಜಿ."

ಸೀಬಮ್ಮ ಬಾಗಿಲ ಕಡೆ ನೋಡಿದಳು. ದನಿ ಇಳಿಸಿದಳು. "ಹತ್ತಿರ ಬಾ. ಈಗ ಹೇಳುವುದು ನಿನ್ನ ಹೊಟ್ಟೆಯಲ್ಲೇ ಇರಬೇಕು. ನಿಮ್ಮಮ್ಮನಿಗೂ ಹೇಳಕೂಡದು. ಅವಳಿಗೆ ಹೇಳುವುದೂ ಒಂದೇ, ತಮಟೆ ಹೊಡೆಸುವುದೂ ಒಂದೇ. ಆಣೆ ಇಡು."

ಮಂದಾಕಿನಿ ಆಣೆ ಇಟ್ಟಳು. ಸೀಬಮ್ಮ ಕತೆ ತೆಗೆದಳು.

ಒಂದು ಬೀದಿ. ಅಲ್ಲಿ ಒಬ್ಬ ಹೆಂಗಸು. ಬೀದಿಯ ಹೆಂಗಸರಲ್ಲೆಲ್ಲ ಅವಳೊಬ್ಬಳಿಗೇ ಅಕ್ಷರ ಗೊತ್ತು. ಅದೂ ಎಷ್ಟು, ಬೆರಳಿಟ್ಟು ಓದುವಷ್ಟು. ಜಂಬ ಮಾತ್ರ ಪಂಡಿತರದು. ಅವಳ ಹತ್ತಿರ ರಟ್ಟು ಕಿತ್ತುಹೋದ ಒಂದು ದಪ್ಪ ಪುಸ್ತಕವಿತ್ತು. ಕೋಟೆಯ ರಾಣಿಯೊಬ್ಬಳ ಕತೆ. ಮಧ್ಯಾಹ್ನ ಪಾತ್ರೆ ತೊಳೆದಿಟ್ಟು ಹೆಂಗಸರು ಅವಳ ಜಗಲಿಗೆ ಬರುವರು. ಅವಳು ಓದುವಳು, ಇವರು ಕೇಳುವರು.

ಪುಸ್ತಕ ಮುಗಿಯಿತು. ಯಾರಿಗೂ ಏಳುವ ಮನಸ್ಸಾಗಲಿಲ್ಲ. ಒಬ್ಬಳು ರಾಣಿಯಾದಳು. ಯಾರೆಂದು ಬೇರೆ ಹೇಳಬೇಕೆ, ಪುಸ್ತಕದವಳೇ. ಒಬ್ಬಳು ದಳವಾಯಿ, ಒಬ್ಬಳು ಮಂತ್ರಿ, ಪಕ್ಕದ ಮನೆಯವಳು ದಾಸಿ. ಪುಸ್ತಕ ನಿಂತಲ್ಲಿಂದ ಮಾತಾಡುತ್ತಾ ಹೋದರು. ಮಾತಿಗೆ ಮಾತು ಸೇರಿ ಕತೆ ಬೆಳೆಯಿತು. ಒಲೆಯ ಮೇಲೆ ಹಾಲು ಉಕ್ಕಿದರೂ ಏಳುವವರಿಲ್ಲ. ಒಬ್ಬಳ ಗಂಡ ಬಂದು ಕರೆದರೆ, ದಳವಾಯಿ ಯುದ್ಧದಲ್ಲಿದ್ದಾರೆ, ಆಮೇಲೆ ಬನ್ನಿ ಎಂದು ಕಳಿಸಿದರು.

ಆರು ವರ್ಷ ಕಳೆಯಿತು. ದಳವಾಯಿ ಮಗಳ ಊರಿಗೆ ಹೋದವಳು ಅಲ್ಲೇ ಉಳಿದಳು. ಮಂತ್ರಿಗೆ ಮಂಡಿ ನೋವು, ಜಗಲಿ ಹತ್ತಲಾರಳು. ಪುಸ್ತಕದವಳು ಅವರ ಚಾಪೆಗಳನ್ನು ಮಾತ್ರ ದಿನವೂ ಹಾಸಿದಳು. ಬೇರೆ ಯಾರೂ ಕೂರುವಂತಿಲ್ಲ. ಖಾಲಿ ಚಾಪೆಗೆ ರಾಣಿ ಅಪ್ಪಣೆ ಕೊಡುವಳು, ಚಾಪೆ ಸುಮ್ಮನಿರುವುದು. ದಾಸಿಗೆ ಆರು ವರ್ಷದಿಂದಲೂ ಒಂದೇ ಮಾತು: "ಅಪ್ಪಣೆ, ಮಹಾರಾಣಿ."

ಆ ಬೀದಿಗೆ ಒಬ್ಬ ದರ್ಜಿ ಎರಡನೆಯ ಹೆಂಡತಿಯನ್ನು ಕರೆತಂದ. ಮೊದಲನೆಯವಳು ಇನ್ನೂ ಇದ್ದಾಳೆ ಎನ್ನುತ್ತಿದ್ದರು. ಇವಳ ಕೊರಳಿನ ತಾಳಿ ಇವಳೇ ಕಟ್ಟಿಕೊಂಡದ್ದು ಎಂದೂ ಎನ್ನುತ್ತಿದ್ದರು. ಎರಡನ್ನೂ ಹಬ್ಬಿಸಿದವಳು ಪುಸ್ತಕದವಳು. ಅವಳ ನಾಲಗೆಗೆ ಬಾಡಿಗೆಯೇನು ಕೊಡಬೇಕಿತ್ತೆ?

ಒಂದು ಮಧ್ಯಾಹ್ನ ದರ್ಜಿಯ ಹೆಂಡತಿ ಜಗಲಿಯ ಮುಂದೆ ಬಂದು ನಿಂತಳು. "ನಾನೂ ಆಡಬಹುದಾ ಅಕ್ಕ? ಎಲ್ಲಿ ಕೂರಲಿ?"

"ಮೊದಲು ಹೇಳು, ಕೋಟೆಗೆ ಬಾಗಿಲೆಷ್ಟು?" ಎಂದಳು ಪುಸ್ತಕದವಳು.

"ನಾನಿನ್ನೂ ಆ ಊರೊಳಗೇ ಕಾಲಿಟ್ಟಿಲ್ಲವಲ್ಲ ಅಕ್ಕ. ಬಾಗಿಲು ಹೇಗೆ ಎಣಿಸಲಿ?"

ಹೆಂಗಸರು ನಕ್ಕರು. ಪುಸ್ತಕದವಳು ನಗಲಿಲ್ಲ. "ಹಾಗಾದರೆ ಪುಸ್ತಕ ಪೂರ್ತಿ ಕೇಳಬೇಕು. ಮೂರು ತಿಂಗಳು ಹಿಡಿಯುತ್ತದೆ. ಅಲ್ಲಿಯವರೆಗೆ ಬಾಯಿ ಮುಚ್ಚಿಕೊಂಡು ಮೆಟ್ಟಿಲ ಕೆಳಗಿರು."

ಬೇರೆಯವಳಾಗಿದ್ದರೆ ಮುಖ ಸಣ್ಣದು ಮಾಡಿಕೊಂಡು ಮನೆಗೆ ಹೋಗುತ್ತಿದ್ದಳು. ಇವಳು ಮೆಟ್ಟಿಲ ಕೆಳಗೇ ಕೂತಳು. ಬಾಯಿ ಮಾತ್ರ ಮುಚ್ಚಲಿಲ್ಲ. ಸೆರಗನ್ನು ತಲೆಗೆ ಹೊದ್ದು ಜಗಲಿಗೆ ಕೇಳುವಂತೆ ಕೂಗಿದಳು: "ಕೋಟೆಯೊಳಗೆ ಯಾರಿದ್ದೀರಮ್ಮಾ? ಹೊಳೆ ದಾಟಿ ಬಂದವಳು ನಾನು. ಇದು ಯಾವ ಊರೋ ಗೊತ್ತಿಲ್ಲ. ಬೆನ್ನ ಹಿಂದೆ ಕುದುರೆಗಳು ಬರುತ್ತಿವೆ."

ಏನೂ ಗೊತ್ತಿಲ್ಲದವಳು ಏನೂ ಗೊತ್ತಿಲ್ಲದವಳಾಗಿಯೇ ಆಟದೊಳಕ್ಕೆ ಬಂದಿದ್ದಳು. ಅದಕ್ಕೆ ಪುಸ್ತಕ ಬೇಕಿರಲಿಲ್ಲ.

"ಯಾರೇ ನೀನು? ಯಾರ ಕುದುರೆಗಳು?" ಎಂದಳು ದಾಸಿ. ಬಾಯಿ ತಪ್ಪಿ ಬಂತೋ, ಬೇಕೆಂದೇ ಬಂತೋ. ಆರು ವರ್ಷದಲ್ಲಿ ಅದು ಅವಳ ಎರಡನೆಯ ಮಾತು.

ಪುಸ್ತಕದವಳು ಪುಸ್ತಕ ಎತ್ತಿಕೊಂಡು ಒಳಗೆ ಹೋಗಿ ಅಗುಳಿ ಹಾಕಿದಳು. ಪುಸ್ತಕವಿಲ್ಲದೆ ಏನಾಡುತ್ತಾರೋ ಆಡಲಿ, ಎಂಟು ದಿನದಲ್ಲಿ ಬಂದು ಕಾಲಿಗೆ ಬೀಳುತ್ತಾರೆ ಎಂದುಕೊಂಡಳು.

ಮಾರನೆಯ ದಿನ ಆಟ ದರ್ಜಿಯ ಮನೆಯ ಮುಂದೆ ನಡೆಯಿತು. ಚಾಪೆಗಳಿಲ್ಲ, ಚೂರು ಬಟ್ಟೆಯ ಗಂಟುಗಳ ಮೇಲೆ ಕೂತರು. ಹೊಳೆ ದಾಟಿ ಬಂದವಳಿಗೆ ದಾಸಿ ಕೋಟೆ ತೋರಿಸಿದಳು. ಇದು ಉಗ್ರಾಣ, ಇದು ಕುದುರೆ ಲಾಯ, ಮಂತ್ರಿ ಕದ್ದು ಹೊರಗೆ ಹೋಗುತ್ತಿದ್ದದ್ದು ಈ ಕಿಂಡಿಯಿಂದ. ತೋರಿಸುತ್ತಾ ತೋರಿಸುತ್ತಾ ಕೇಳುವವರಿಗೆಲ್ಲ ಹಿಂದಿನ ಕತೆ ತಿಳಿಯಿತು. ದಾರಿಯಲ್ಲಿ ಹೋಗುತ್ತಿದ್ದವರು ನಿಂತರು, ನಿಂತವರು ಕೂತರು. ಮೀನು ಮಾರುವವಳು ಬುಟ್ಟಿ ಇಳಿಸಿ ದಳವಾಯಿಯಾದಳು. ಅವಳು ಬುಟ್ಟಿ ಹೊತ್ತು ಹೊರಟ ಮೇಲೆ ಇನ್ನೊಬ್ಬಳು ದಳವಾಯಿಯಾದಳು. ಕೋಟೆಯೇನೂ ಬಿರುಕು ಬಿಡಲಿಲ್ಲ.

ಪುಸ್ತಕದವಳು ಕಿಟಕಿಯ ಸಂದಿಗೆ ಕಿವಿಯಿಟ್ಟು ಕೂತಿದ್ದಳು. ಎಂಟು ದಿನವಾಯಿತು, ಯಾರೂ ಬರಲಿಲ್ಲ. ಒಂಬತ್ತನೆಯ ದಿನ ಪುಸ್ತಕವನ್ನು ಕಂಕುಳಲ್ಲಿ ಇರುಕಿಕೊಂಡು ಹೊರಟಳು. ದರ್ಜಿಯ ಮನೆ ಮುಂದೆ ನಿಂತು, ಬೀದಿಗೆಲ್ಲ ಕೇಳಲಿ ಎಂದು ಗಂಟಲು ಬಿಟ್ಟಳು: "ಯಾರದೋ ಗಂಡನ ಬೆನ್ನು ಹತ್ತಿ ಬಂದವಳಿಗಾಗಿ ನನ್ನ ಆಟ ಕೆಡಿಸಿದಿರಿ. ಹಳಬರೆಲ್ಲ ಚದುರಿಹೋಗುತ್ತೀರಿ, ನೋಡುತ್ತಿರಿ."

ದರ್ಜಿಯ ಹೆಂಡತಿ ತಿರುಗಿ ಬೈಯಲಿಲ್ಲ. ತಾನು ಕೂತಿದ್ದ ಗಂಟನ್ನು ಸರಿಸಿ ಜಾಗ ಮಾಡಿದಳು. ಎದ್ದು ನಿಂತವಳು ದಾಸಿಯಾಗಿದ್ದ ಪಕ್ಕದ ಮನೆಯವಳು.

ಇಲ್ಲಿಗೆ ಕತೆ ನಿಲ್ಲಿಸಿ ಸೀಬಮ್ಮ ಮತ್ತೆ ಬಾಗಿಲ ಕಡೆ ನೋಡಿದಳು.

"ಅವಳು ಏನಂದಳು ಅಜ್ಜಿ, ಆ ಪುಸ್ತಕದವಳಿಗೆ?" ಎಂದು ಮಂದಾಕಿನಿ ಕೇಳಿದಳು.

"ನನ್ನ ಮುಖಕ್ಕೇ ಅಂದಳು, 'ಸೀಬಕ್ಕ, ನಾವು ಹಳಬರೆಲ್ಲ ಬೇಸತ್ತು ಆಟ ಬಿಡುವುದೆಂದು ಮಾತಾಡಿಕೊಂಡಿದ್ದೆವು, ಇವಳು ಬಂದಳೆಂದು ಉಳಿದೆವು.'"