ಆಮೆಯಜ್ಜಿಯ ಚಿಪ್ಪಿನ ಮೇಲೆ ಹಾಜರಿ

ಕಾಲು ಸೋತ ಮುದಿಪ್ರಾಣಿಗಳಿಗೆ ಅವರವರ ಮನೆಯಲ್ಲೇ ಸೇವೆ ಸಿಗಲೆಂದು ಕಾಡಿನ ಸರ್ಕಾರ ಒಂದು ಯೋಜನೆ ತಂದಿತು. ಆಮೆಯಜ್ಜಿ ಸೇವೆಗೆ ನೇಮಕವಾದ ಮುಸುವ ಕೋತಿಯ ಪಾಲಿಗೆ ಬಂದಳು. ಗಂಜಿ ಕುಡಿಸಿ, ಕಾಲೊತ್ತಿ, ಅವಳ ಬಾಗಿಲಿನ ಹಾಜರಿ ಹಲಗೆಗೆ ಕೆಸರುಗೈ ಒತ್ತಿದರೆ ದಿನಕ್ಕೊಂದು ಬಾಳೆಗೊನೆ. ಅಷ್ಟು ದೂರ ಯಾರು ಹೋಗುತ್ತಾರೆಂದು ಮುಸುವ ಆ ಹಲಗೆಯನ್ನೇ ಕಿತ್ತು ತಂದು ತನ್ನ ಮರಕ್ಕೆ ನೇತುಹಾಕಿಕೊಂಡ. ದಿನವೂ ಆಕಳಿಸುತ್ತಲೇ ಕೈ ಒತ್ತಿದ, ಗೊನೆ ತಿಂದ.

ಒಂದು ದಿನ ತಪಾಸಣೆಯ ಕರಡಿ ಡಂಗುರ ಸಾರಿಸಿತು: "ಹಲಗೆಗಳಿಗೆ ಕಾಲು ಬಂದಿವೆಯೆಂದು ಕೇಳಿದ್ದೇನೆ. ಇನ್ನು ಆಮೆಗಳ ಹಾಜರಿಯನ್ನು ಚಿಪ್ಪಿನ ಮೇಲೇ ಒತ್ತತಕ್ಕದ್ದು. ಅದನ್ನು ಹೇಗೆ ಕೀಳುತ್ತೀರೋ ನೋಡೋಣ!"

"ಇದೇನು ಮಹಾ!" ಎಂದುಕೊಂಡ ಮುಸುವ, ಅಜ್ಜಿಯನ್ನೇ ಹೊತ್ತು ತಂದು ಮರದ ಬುಡದಲ್ಲಿ ಕೂರಿಸಿ, ಕೈ ಒತ್ತಿದ.

ಅಜ್ಜಿ ಕತ್ತು ಹೊರಗೆ ಹಾಕಿದಳು. "ಗಂಜಿ ಎಲ್ಲಪ್ಪ?"

"ಸೇವೆ ನಿಮ್ಮ ಮನೆಯಲ್ಲಿ ಮಾತ್ರ ಅಜ್ಜಿ. ಇದು ನನ್ನ ಮನೆ. ನಿಯಮ ನಿಯಮವೇ."

"ನನ್ನ ಮನೆ ನನ್ನ ಬೆನ್ನ ಮೇಲೇ ಇದೆಯಲ್ಲ! ಮೊದಲು ಕಾಲೊತ್ತು. ಇಲ್ಲವಾದರೆ ಕರಡಿಯನ್ನು ಕೂಗಲೇ?"

ಮುಸುವ ಹಲ್ಲು ಕಚ್ಚಿ ಕಾಲೊತ್ತುತ್ತಿರುವಾಗಲೇ ಕರಡಿ ಬಂತು, ನೋಡಿತು, ಕಣ್ಣೊರೆಸಿಕೊಂಡಿತು. "ತನ್ನಲ್ಲಿಗೇ ಕರೆತಂದು ಸೇವೆ ಮಾಡುವವರನ್ನು ನಾನು ಕಂಡಿರಲಿಲ್ಲ. ಅಜ್ಜಿ ಬದುಕಿರುವವರೆಗೂ ಈ ಕೆಲಸ ಇವನದೇ!"

ಮುಸುವನ ಬಾಲ ಜೋತುಬಿತ್ತು. "ಅಜ್ಜಿ, ನಿಮಗೀಗ ವಯಸ್ಸೆಷ್ಟು?"

"ನೂರಿಪ್ಪತ್ತು ಕಣಪ್ಪ," ಎಂದಳು ಅಜ್ಜಿ, ಇನ್ನೊಂದು ಕಾಲು ಚಾಚುತ್ತ. "ನಮ್ಮಮ್ಮನಿಗೂ ಹೇಳಿ ಕಳಿಸಿದ್ದೇನೆ. ಅವಳು ಆಗಲೇ ಹೊರಟಾಗಿದೆ."