ಹನ್ನೊಂದನೆಯ ಗುಂಡಿ

ಕಪಿಲೆಯ ದಂಡೆಯ ಮೇಲೆ ಒಂದು ಸಣ್ಣ ಮಠವಿತ್ತು. ಅಲ್ಲಿ ಒಬ್ಬ ಗುರು, ಒಬ್ಬ ಶಿಷ್ಯ, ಹಿತ್ತಲಲ್ಲಿ ಒಂದಿಷ್ಟು ತರಕಾರಿ.

ಶಿಷ್ಯನ ಹೆಸರು ಶಾಂತಮಲ್ಲ. ಹೆಸರಿನಲ್ಲಿದ್ದ ಶಾಂತಿ ಇನ್ನೂ ಮೈಗೆ ಹತ್ತಿರಲಿಲ್ಲ.

ಗುರುವಾರದ ಸಂತೆಗೆ ಹೋಗುವುದು ಅವನ ಕೆಲಸ. ಸಂತೆಮಾಳದ ಕೊನೆಯಲ್ಲಿ, ಹುಣಸೆಮರದ ಕೆಳಗೆ, ಕೆಂಪಾಜಮ್ಮ ಎಂಬ ಮುದುಕಿ ಸಸಿ ಮಾರುತ್ತಿದ್ದಳು. ಬದನೆ, ಮೆಣಸಿನಕಾಯಿ, ಟೊಮೇಟೊ. ಮನೆಯ ಹಿಂದೆ ತಾನೇ ಮಣ್ಣಿನ ಮಡಿ ಮಾಡಿ ಬೆಳೆಸಿದವು. ಬೇರು ಒಣಗದ ಹಾಗೆ ಒದ್ದೆ ಗೋಣಿಯಲ್ಲಿ ಸುತ್ತಿ ತರುತ್ತಿದ್ದಳು.

ಶಾಂತಮಲ್ಲ ಯಾವಾಗಲೂ ಹತ್ತು ಸಸಿ ಕೇಳುತ್ತಿದ್ದ. ಅವಳು ಎಣಿಸಿ ಕೊಡುತ್ತಿದ್ದಳು. ಆಮೇಲೆ, "ಒಸಿ ತಡಿ ಮಗ" ಎಂದು ಗೋಣಿಯೊಳಗೆ ಕೈಹಾಕಿ, ಹುಡುಕಿ ಹುಡುಕಿ, ಗಟ್ಟಿಯಾದದ್ದೊಂದನ್ನು ತೆಗೆದು ಮೇಲಿಡುತ್ತಿದ್ದಳು.

"ಹತ್ತು ನಿಂದು. ಇದು ಕೊಸರು, ನಂದು."

ಸಂತೆಯಲ್ಲಿ ಕೊಸರು ಕೊಡದವರು ಯಾರು? ಸೊಪ್ಪಿನವಳು ನಾಲ್ಕು ಎಸಳು ಹೆಚ್ಚಿಗೆ ಇಡುತ್ತಾಳೆ, ಹುರುಳಿಕಾಯಿಯವನು ತೂಗಿದ ಮೇಲೆ ಒಂದು ಹಿಡಿ ಹಾಕುತ್ತಾನೆ. ಆದರೆ ಕೆಂಪಾಜಮ್ಮನ ಕೊಸರು ಸಂತೆಯಲ್ಲೇ ಮುಗಿಯುತ್ತಿರಲಿಲ್ಲ. ಸೋಮವಾರ ಮಠಕ್ಕೆ ಬಂದವಳು ಗುರುಗಳಿಗೆ ಅಡ್ಡಬಿದ್ದು, ನೆಟ್ಟಗೆ ಹಿತ್ತಲಿಗೆ ಹೋಗುತ್ತಿದ್ದಳು. ಸಾಲಿನ ಹನ್ನೊಂದನೆಯ ಗಿಡದ ಪಕ್ಕ ಕೂತು, "ಹೆಂಗಿದ್ದೀಯವ್ವ?" ಎಂದು ಅದನ್ನೇ ಕೇಳುತ್ತಿದ್ದಳು.

ಒಂದು ದಿನ ಗುರುಗಳು ಹೇಳಿದರು: "ಯಾರ ಹಂಗಿನಲ್ಲೂ ಇರಬ್ಯಾಡಪ್ಪ. ಹಂಗಿನೋನಿಗೆ ಬಿಡುಗಡೆ ಇಲ್ಲ."

ಶಾಂತಮಲ್ಲ ಆ ಮಾತನ್ನು ಗಂಟು ಕಟ್ಟಿಕೊಂಡ. ಹೊಸ ವೈರಾಗ್ಯ ಹೊಸ ಚಪ್ಪಲಿಯ ಹಾಗೆ, ಸದ್ದು ಜಾಸ್ತಿ.

ಆ ಗುರುವಾರ ಕೆಂಪಾಜಮ್ಮ ಹತ್ತು ಬದನೆ ಸಸಿ ಎಣಿಸಿದಳು. "ಒಸಿ ತಡಿ ಮಗ" ಎನ್ನುವಷ್ಟರಲ್ಲಿ ಅವನು ಎದ್ದು ನಿಂತಿದ್ದ.

"ಕೊಸರು ಬ್ಯಾಡ ಕಣವ್ವ. ನಾವು ಮಠದೋರು. ಬಿಟ್ಟಿ ತಗಳಲ್ಲ."

ಸುತ್ತ ಜನ ತಿರುಗಿ ನೋಡಿದರು. ಅವಳು ಸಸಿ ಹಿಡಿದ ಕೈ ಚಾಚಿಕೊಂಡೇ ಇದ್ದಳು.

"ಬಿಟ್ಟಿ ಅಲ್ಲ ಕಣ್ ಮಗ. ಅಲ್ಲಿ ನಂದೂ ಒಂದು ಇರ್ಲಿ ಅಂತ."

ಅವನು ಆ ಸಸಿಯನ್ನು ಅವಳ ಕೈಯಿಂದ ತೆಗೆದು, ಮತ್ತೆ ಗೋಣಿಯೊಳಗೆ ಹಾಕಿ, ಬಂದುಬಿಟ್ಟ.

ಮಠದಲ್ಲಿ ಗುರುಗಳು ಗುಂಡಿ ತೋಡುತ್ತಿದ್ದರು. ಎಂದಿನಂತೆ ಹನ್ನೊಂದು. ಶಾಂತಮಲ್ಲ ನಡೆದದ್ದನ್ನು ಹೆಮ್ಮೆಯಿಂದಲೇ ಹೇಳಿದ.

"ಕೈಯಲ್ಲಿ ಹಿಡ್ಕೊಂಡಿದ್ಲಾ?" ಎಂದು ಗುರುಗಳು ಕೇಳಿದರು.

"ಹೌದು."

"ನೀನು ಅದನ್ನ ತೆಗೆದು ಒಳಗೆ ಹಾಕಿದೆಯಾ?"

"ಹಾಕ್ದೆ ಗುರುಗಳೇ. ಹಂಗು ಬ್ಯಾಡ ಅಂತ ನೀವೇ ಹೇಳಿದ್ರಲ್ಲ."

ಗುರುಗಳು ಗುದ್ದಲಿ ಕೆಳಗಿಟ್ಟರು.

ಹತ್ತು ಗುಂಡಿಗೆ ಸಸಿ ಬಿತ್ತು. ಹನ್ನೊಂದನೆಯದು ಖಾಲಿ ಉಳಿಯಿತು. ಸಂಜೆ ಗುರುಗಳು ಹನ್ನೊಂದಕ್ಕೂ ನೀರು ಹಾಕಿದರು.

"ಅಲ್ಲಿ ಗಿಡ ಇಲ್ಲ ಗುರುಗಳೇ."

"ಇಲ್ಲ" ಎಂದರು ಗುರುಗಳು. ಮಾರನೆಯ ದಿನವೂ ಹಾಕಿದರು.

ಸೋಮವಾರ ಕೆಂಪಾಜಮ್ಮ ಮಠಕ್ಕೆ ಬರಲಿಲ್ಲ. ಆ ವಾರ ಸಸಿ ಬೇಕಿರಲಿಲ್ಲ, ಸಂತೆಯಲ್ಲಿ ಶಾಂತಮಲ್ಲ ಹುಣಸೆಮರದ ಕಡೆ ಹೋಗಲಿಲ್ಲ. ಅದರ ಮುಂದಿನ ಸೋಮವಾರವೂ ಅವಳು ಬರಲಿಲ್ಲ.

ಖಾಲಿ ಗುಂಡಿಯನ್ನು ನೋಡಿ ನೋಡಿ ಶಾಂತಮಲ್ಲನಿಗೆ ಅನ್ನ ಸೇರದಾಯಿತು. ಈ ಮಠದಲ್ಲಿ ಆ ಮುದುಕಿಗೆ ತನ್ನದು ಅಂತ ಇದ್ದದ್ದು ಒಂದೇ ಒಂದು ಗಿಡ. ಅದನ್ನು ಬೇಡವೆಂದು ಅವಳನ್ನೇ ಹೊರಗೆ ಹಾಕಿದೆನಲ್ಲ ಎಂದು ಅವನಿಗೆ ಆಗ ಹೊಳೆಯಿತು. ತನ್ನ ಬಗ್ಗೆ ತನಗೇ ಹೇಸಿಗೆಯಾಯಿತು.

ಗುರುವಾರ ಬೆಳಗಾಗುತ್ತಲೇ ಸಂತೆಗೆ ಓಡಿದ.

ಕೆಂಪಾಜಮ್ಮ ಹುಣಸೆಮರದ ಕೆಳಗೇ ಇದ್ದಳು. ಯಾರೋ ಹೆಂಗಸಿಗೆ ಟೊಮೇಟೊ ಸಸಿ ಎಣಿಸಿ, ಮೇಲೊಂದು ಇಟ್ಟು ನಗುತ್ತಿದ್ದಳು. ಇವನನ್ನು ಕಂಡು ಸೆರಗು ಸರಿಮಾಡಿಕೊಂಡಳು.

"ಏನ್ ಕೊಡ್ಲಿ ಬುದ್ಧಿ?"

ಮಗ ಎನ್ನುತ್ತಿದ್ದ ಬಾಯಿ ಅದು. ಈಗ ದೊಡ್ಡ ಸ್ವಾಮಿಗಳಿಗೆ ಹೇಳುವ ಹಾಗೆ ಬುದ್ಧಿ ಎಂದಿತು.

"ಹತ್ತು ಮೆಣಸಿನ ಸಸಿ" ಎಂದು ಅವನು ಎದುರಿಗೆ ಕುಕ್ಕರಗಾಲಲ್ಲಿ ಕೂತ.

ಒಂದೊಂದಾಗಿ ಎಣಿಸಿದಳು. ಎಲ್ಲ ಒಳ್ಳೆಯ ಸಸಿಗಳೇ. ಬಾಳೆನಾರಿನಲ್ಲಿ ಕಟ್ಟಿ ಅವನ ಮುಂದಿಟ್ಟಳು.

"ಹತ್ತು ಸರಿಯಾಗಿ ಅದೆ. ನೋಡ್ಕಳಿ."

"ಅವ್ವ... ಕೊಸರು?"

ಅವಳ ಕೈ ಗೋಣಿಯವರೆಗೆ ಹೋಯಿತು. ಅಲ್ಲೇ ನಿಂತಿತು.

"ಕೈ ಏಳಾಕಿಲ್ಲ ಬುದ್ಧಿ."

ದನಿಯಲ್ಲಿ ಕೋಪವಿರಲಿಲ್ಲ. ಬೈದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು.

"ತಪ್ಪಾಯ್ತು ಕಣವ್ವ."

"ನಿಮ್ದೇನ್ ತಪ್ಪು? ಮಠದ ಪದ್ಧತಿ ನಂಗೇ ಗೊತ್ತಿರ್ನಿಲ್ಲ."

ಅವನು ಕಟ್ಟು ಎತ್ತಿಕೊಂಡು, ತಲೆ ತಗ್ಗಿಸಿ, ಬಿರಬಿರನೆ ನಡೆದುಬಂದ.

ಗುರುಗಳು ಹಿತ್ತಲಲ್ಲಿದ್ದರು. ಅವರ ಮುಂದೆ ಕೂತು ಅವನು ಎಲ್ಲವನ್ನೂ ಹೇಳಿದ. ಹೇಳುತ್ತಾ ಅತ್ತ.

"ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು ಅಂತಾರೆ. ಹೋಯ್ತು ಗುರುಗಳೇ."

"ಹಂಗು ಬ್ಯಾಡ ಅಂದೋನು ನಾನು" ಎಂದರು ಗುರುಗಳು. "ನಿನ್ನ ತಪ್ಪಲ್ಲಿ ನನ್ನ ಪಾಲೂ ಅದೆ. ಅವಳು ಇಲ್ಲಿ ಬಂದು ಕೂತ್ಕೊಳ್ಳೋಳು. ನನಗೂ ನೆಪ್ಪಾಗ್ತದೆ."

ಇಬ್ಬರೂ ಖಾಲಿ ಗುಂಡಿಯ ಕಡೆ ನೋಡಿದರು.

"ಬಾಯಿಬಿಟ್ಟು ಕೇಳ್ದೆ, ಕೊಡ್ಲಿಲ್ಲ. ಇನ್ನೇನು ಮಾಡ್ಲಿ?"

"ಕೊಡಲಿಲ್ಲ ಅಂದ ಮೇಲೆ ಏನು ಮಾಡಿದೆ?"

"ನಾಚಿಕೆ ಆಯ್ತು. ಎದ್ದು ಬಂದ್ಬಿಟ್ಟೆ."

"ಅವತ್ತೂ ನೀನು ಎದ್ದೇ ಬಂದಿದ್ದೆ."

ಗುರುಗಳು ತಂಬಿಗೆ ಎತ್ತಿ ಹನ್ನೊಂದನೆಯ ಗುಂಡಿಗೆ ನೀರು ಹಾಕಿದರು. ನೀರು ಇಂಗುವವರೆಗೆ ಕಾದು ಹೇಳಿದರು:

"ಬರೋ ಗುರುವಾರನೂ ಹೋಗು. ಕೊಸರು ಕೇಳಬ್ಯಾಡ. ಅವಳು ಎಣಿಸಿ ಮುಗಿಸಿದ ಮೇಲೆ, ಒಸಿ ಹೊತ್ತು ಅಲ್ಲೇ ಕೂತಿರು."