ಕೇಳಿದವರು ಅಳಬೇಕು

ಪಾಡ್‌ಕಾಸ್ಟ್ ಮಾಡಿದರೆ ವ್ಯಾಪಾರ ಹೆಚ್ಚುತ್ತದೆ ಎಂದು ಲಾರಿ ಕಂಪನಿಯ ಸಾಹುಕಾರ ಗುರುಶಾಂತಪ್ಪನವರಿಗೆ ಯಾರೋ ಹೇಳಿದರು. ಅವರು ಗುಮಾಸ್ತನನ್ನು ಕರೆದರು.

"ಹೆಸರು 'ನಾವೆಲ್ಲ ಒಂದೇ ಕುಟುಂಬ'. ಕೇಳಿದವರು ಅಳಬೇಕು. ಅಳಲಿಲ್ಲವೋ, ನೀನು ಕೆಲಸಕ್ಕೆ ಬರಬೇಡ."

ಗುಮಾಸ್ತನಿಗೆ ಡ್ರೈವರ್ ತಿಪ್ಪೇಶಿ ನೆನಪಾದ. ಹೋದ ತಿಂಗಳು ಕಂಪನಿಯ ಲಾರಿ ಉರುಳಿ ಸತ್ತಿದ್ದ. "ಸಾಹುಕಾರ್ರು ಒಂದು ಸಲ ಬಂದು ಮಾತಾಡಿಸಲಿಲ್ಲವಲ್ಲಣ್ಣ" ಎಂದು ಅವನ ಹೆಂಡತಿ ರುದ್ರಮ್ಮ ಕಂಡಾಗಲೆಲ್ಲ ಕೇಳುತ್ತಿದ್ದಳು.

"ಆಫೀಸಿನಲ್ಲಿ ಕೂತು ಕುಟುಂಬ ಅಂದರೆ ಯಾರು ನಂಬ್ತಾರೆ ಸರ್? ತಿಪ್ಪೇಶಿ ಮನೆಯಲ್ಲೇ ರೆಕಾರ್ಡ್ ಮಾಡೋಣ."

ಪಾಡ್‌ಕಾಸ್ಟ್‌ನಲ್ಲಿ ಮುಖ ಕಾಣುವುದಿಲ್ಲ. ಆದರೂ ಸಾಹುಕಾರರು ಇಸ್ತ್ರಿ ಅಂಗಿ ತೊಟ್ಟು ಹೊರಟರು.

ರುದ್ರಮ್ಮ ಅವರನ್ನು ಕಂಡವಳೇ ಚಾಪೆ ಹಾಸಿದಳು. "ಕೊನೆಗೂ ಬಂದಿರಲ್ಲ ಸಾಹುಕಾರ್ರೆ. ನಿಮ್ಮನ್ನ ನೆನೆಯದೆ ಅವರು ಲಾರಿ ಹತ್ತುತ್ತಿರಲಿಲ್ಲ" ಎಂದು ಅತ್ತಳು. ಬರೆದು ತಂದಿದ್ದ ಪ್ರಶ್ನೆಗಳು ಸಾಹುಕಾರರ ಜೇಬಿನಲ್ಲೇ ಉಳಿದವು. ಆಕೆ ಕೊಟ್ಟ ಟೀ ಆರಿಹೋಗುವವರೆಗೂ ಅವರು ತಲೆ ತಗ್ಗಿಸಿ ಆಕೆಯ ಮಾತು ಕೇಳುತ್ತ ಕೂತಿದ್ದರು.

ಕಾರು ಹತ್ತಿದ ಮೇಲೆ ಕಣ್ಣು ಒರೆಸಿಕೊಂಡು ಕೇಳಿದರು: "ರೆಕಾರ್ಡ್ ಚೆನ್ನಾಗಿ ಬಂತೇನೋ?"

"ಮೈಕ್ ಆನ್ ಮಾಡಿರಲಿಲ್ಲ ಸರ್. ಮನೆಯವರು ಸತ್ತಾಗ ಯಾರು ರೆಕಾರ್ಡ್ ಮಾಡ್ತಾರೆ?"

"ಅಯ್ಯೋ ಮಂಕೇ, ಹಾಗಾದರೆ ಇದನ್ನ ಕೇಳೋರು ಯಾರು?"

"ನೀವು ಕೇಳಿದಿರಲ್ಲ ಸರ್."

ಸಾಹುಕಾರರು ಮತ್ತೆ ಕರವಸ್ತ್ರ ತೆಗೆದರು. ಗುಮಾಸ್ತ ಮರುದಿನ ಎಂದಿನಂತೆ ಕೆಲಸಕ್ಕೆ ಹೋದ. ಬರಬೇಡ ಎಂದು ಯಾರೂ ಹೇಳಲಿಲ್ಲ.